ತೂಕದ ಚೀಟಿ

ಪರೇಲ್ ಸ್ಟೇಷನ್ನಿನಲ್ಲಿ ಬಣ್ಣದ ಬಲ್ಬುಗಳ
ತೂಕದ ಯಂತ್ರವೊಂದು ಇನ್ನೂ ಬದುಕಿದೆ.
ಎರಡು ರೂಪಾಯಿ ನುಂಗಿ, ಚಕ್ರ ತಿರುಗಿಸಿ,
ಸ್ವಲ್ಪ ಯೋಚಿಸಿದಂತೆ ಮಾಡಿ
ರಟ್ಟಿನ ಚೀಟಿ ಉಗುಳುತ್ತದೆ.

ನಾನು ಹತ್ತಿದ್ದು ತೂಕಕ್ಕಲ್ಲ.
ಲೋಕಲ್ಲಿಗೆ ಇನ್ನೂ ಹನ್ನೆರಡು ನಿಮಿಷವಿತ್ತು.
ಬಿಚ್ಚದ ಪ್ರೋಟೀನ್ ಡಬ್ಬಿ ನಾಲ್ಕು, ಮೂಗಿನ ನಳಿಗೆ ಒಂದು,
ವಾರ್ಡಿನ ಬಾಗಿಲಲ್ಲಿ ಯಾರದೋ ತಾಯಿಗೆ ಕೊಟ್ಟು ಬಂದಿದ್ದೆ.
ಆಕೆ ಎಣಿಸಿಕೊಂಡಳು. ಹೇಗೆ ಉಳಿದವು ಅನ್ನಲಿಲ್ಲ.
ಅಲ್ಲಿ ಯಾರೂ ಹಾಗೆ ಕೇಳುವುದಿಲ್ಲ.

ಒಂಬತ್ತು ತಿಂಗಳು, ಪ್ರತಿ ಸೋಮವಾರ
ತಮ್ಮ ಚನವೀರನನ್ನು ತೂಗಿದರು.
ಅರವತ್ತೊಂದು. ಐವತ್ತಾರು. ಐವತ್ತು ಚಿಲ್ಲರೆ.
ಪೇಟೆಯ ಧಾರಣೆ ಹೇಳಿದಂತೆ
ಊರಿಗೆ ಫೋನಿನಲ್ಲಿ ಹೇಳುತ್ತಿದ್ದೆ,
ಎರಡು ಕಿಲೋ ಸೇರಿಸಿ.
ಅವ್ವ ನಂಬುತ್ತಿದ್ದಳು, ಅಥವಾ
ಅವಳೂ ಎರಡು ಕಿಲೋ ಸೇರಿಸಿಯೇ ನಂಬುತ್ತಿದ್ದಳು.

ಫಾರಂನಲ್ಲಿ ನನಗೊಂದು ಗೆರೆ: ರೋಗಿಯ ಜೊತೆಗಿರುವವರು.
ಅಕ್ಕ, ಅಂತ ಬರೆದೆ.
ಹೆಸರಿಗೆ ಜಾಗ ಸಾಲಲಿಲ್ಲ.

ಎರಡು ಗಂಟೆಗೊಮ್ಮೆ ಇನ್ನೂರು ಎಂ.ಎಲ್.
ಅನ್ನ ಬೇಳೆ ಮೊಟ್ಟೆ ಮಿಕ್ಸರಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ
ಸಿರಿಂಜಿನಿಂದ ಇಳಿಸುವಾಗ
ಕಣ್ಣಲ್ಲೇ ಕೇಳುತ್ತಿದ್ದ, ಉಪ್ಪ ಹಾಕೀಯೇನ ಅಕ್ಕಾ?
ನಾಲಿಗೆ ಕಳೆದುಕೊಂಡವನಿಗೆ ಉಪ್ಪಿನ ಚಿಂತೆ.
ಹಾಕುತ್ತಿದ್ದೆ.
ಒಂದು ರಾತ್ರಿ ಹಾಕಲಿಲ್ಲ.
ಅದೇ ರಾತ್ರಿ, ಭಾಂಡೂಪಿನ ಕೋಣೆಯಲ್ಲಿ, ಮಿಕ್ಸರಿನ ಸದ್ದಿನ ಮರೆಯಲ್ಲಿ
'ಮುಗೀಲಿ ಇನ್ನ' ಅಂದೆ.
ಮಿಕ್ಸರ್ ನಿಂತಿತು.
ಬಾಯಿ ಇನ್ನೂ ಅನ್ನುತ್ತಲೇ ಇತ್ತು.
ಅವನು ಗೋಡೆಯ ಕಡೆ ಹೊರಳಿ ಮಲಗಿದ್ದ,
ಕೇಳಿಸಿತೋ ಇಲ್ಲವೋ.

ಹೋಗಿ ನಲವತ್ತೆರಡು ದಿನ.
ಅಳು ಬರುವುದಿಲ್ಲ, ಅಲಾರಂ ಬರುತ್ತದೆ.
ಮೂರಕ್ಕೆ ಎದ್ದು, ಒಲೆ ಹಚ್ಚಿ, ನೀರಿಟ್ಟು
ಯಾರಿಗೆ ಎಂಬುದು ಕುದಿ ಬಂದ ಮೇಲೆ ಹೊಳೆಯುತ್ತದೆ.
ಹಗಲೆಲ್ಲ ಅದೇ ಗೋಡೆಯ ಕಡೆ ಹೊರಳಿ ಮಲಗುತ್ತೇನೆ.
ಹೊಲಿಗೆ ಮಷೀನಿನ ಮೇಲೆ ಯಾರದೋ ಒಂದೇ ತೋಳಿನ ರವಿಕೆ
ಇನ್ನೊಂದಕ್ಕಾಗಿ ಕಾಯುತ್ತಿದೆ.
ಪಕ್ಕದ ಸುಲಭಾತಾಯಿ ತಲೆ ಸವರಿ ಅಂದಳು: ಸುಟಲೀಸ್ ಗ.
ಬಿಡುಗಡೆಯಾಯಿತಂತೆ ನನಗೆ.

ಚೀಟಿ ಬಿತ್ತು.
ನಲವತ್ತೊಂದು.
ಕೊನೆಯ ಸೋಮವಾರ ಅವ್ವನಿಗೆ ನಾನು ಹೇಳಿದ್ದ
ಅವನ ತೂಕ.
ಇಷ್ಟು ದಿನ ನನ್ನನ್ನು ಯಾರೂ ತೂಗಿರಲಿಲ್ಲ. ನಾನೂ.
ಹಿಂಬದಿಯಲ್ಲಿ ಹಿಂದಿಯ ಭವಿಷ್ಯ:
ನಿಮ್ಮ ಶ್ರಮವನ್ನು ಎಲ್ಲರೂ ಮೆಚ್ಚುವರು.
ನಕ್ಕಿರಬೇಕು,
ಬೂಟ್ ಪಾಲಿಶಿನ ಹುಡುಗ ತಲೆ ಎತ್ತಿ ನೋಡಿದ.

ಲೋಕಲ್ ಬಂತು. ಕಾಲು ರೂಢಿಯಂತೆ
ಅಂಗವಿಕಲರ, ಕ್ಯಾನ್ಸರ್ ರೋಗಿಗಳ ಡಬ್ಬಿಗೇ ಹತ್ತಿತು.
ಊರುಗೋಲಿನ ಮುದುಕನೊಬ್ಬ
ನನ್ನ ಪಕ್ಕದ ಖಾಲಿಯನ್ನು ಮೇಲಿಂದ ಕೆಳಗೆ ನೋಡಿ
'ಪೇಶಂಟ್ ಕುಠೆ?' ಅಂದ. ಪೇಶಂಟ್ ಎಲ್ಲಿ.
ಬಾಯಿ ತೆರೆದೆ. ದಾದರ್ ಬಂದು ಹೋಯಿತು.
ಮುಷ್ಟಿಯಲ್ಲಿ ಬೆವೆತಿದ್ದ ಚೀಟಿಯನ್ನು ಮುಂದೆ ಹಿಡಿದೆ.
ಎರಡೂ ಬದಿ ಓದಿದ.
ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ.
ಊರುಗೋಲನ್ನು ಆಚೆಗಿಟ್ಟು
ಸರಿದು ಕೂತ.