ಮುಕ್ಕಾಲು ಗಂಟೆಯ ಪಸ್ಸಾವ್

ಹಡಗು ಹತ್ತಕ್ಕೆ ಕಟ್ಟೆಗೆ ತಾಗುತ್ತದೆ,
ಮುಕ್ಕಾಲು ಗಂಟೆ ಕಳೆದರೆ ನಿಮಗೆ ಕಾಫಿ, ಕೇಕು.
ಅಷ್ಟರೊಳಗೆ ಎರಡು ಸಾವಿರ ವರ್ಷ ದಾಟಿಸಬೇಕು ನಾನು
ಕೆಂಪು ಕೊಡೆಯೊಂದನ್ನು ಮೇಲೆತ್ತಿ,
ಮಂಡಿನೋವಿನವರು ಹಿಂದುಳಿಯದ ಹಾಗೆ.
ಹೆಸರು ವಾಲ್ಬುರ್ಗಾ. ಬುರ್ಗಿ ಅನ್ನಿ, ಸಾಕು.
ಕಲ್ಲುಹಾಸು ಜಾರುತ್ತದೆ, ಜೋಕೆ.

ಆಚೆ ದಡದಲ್ಲಿ ರೋಮನರ ಕೋಟೆ; ಈಗ ಬರೀ ಬುನಾದಿ.
ಸಾಮ್ರಾಜ್ಯ ಮುಳುಗುವ ಹೊತ್ತಿಗೆ
ಇಲ್ಲಿಯ ಸಿಪಾಯಿಗಳ ಸಂಬಳ ನಿಂತಿತ್ತಂತೆ.
ಕೊನೆಯ ಕಂತು ತರಲು ಇಟಲಿಗೆ ಹೊರಟರು ಕೆಲವರು.
ಮರಳಿ ಬಂದರು,
ನಡೆದಲ್ಲ, ನೀರಿನ ಮೇಲೆ, ಬೋರಲಾಗಿ.
ಇಲ್ಲಿ ಯಾರಾದರೊಬ್ಬರು ಫೋಟೊ ತೆಗೆಯುತ್ತಾರೆ ಸದಾ:
ಇನ್ ನದಿಯ ಹಸಿರು ಅಷ್ಟು ಚೆಂದ.

ಆಮೇಲೆ ಉಪ್ಪು.
ಹಿಮದ ಬೆಟ್ಟದ ಕಡೆಯಿಂದ ದೋಣಿಯೇರಿ ಬಂದದ್ದು
ಇಲ್ಲಿ ಹೇಸರಗತ್ತೆಯ ಬೆನ್ನೇರಿತು ಬೊಹೀಮಿಯಾಕ್ಕೆ.
ಬಿಳಿಯದನ್ನು ಹೊತ್ತು ಹೋದವು ಕಾಡಿನೊಳಗೆ,
ಧಾನ್ಯ ಹೊತ್ತು ಮರಳಿದವು;
ದಾರಿಗೆ ಚಿನ್ನದ ಹಾದಿಯೆಂದು ಹೆಸರು ಬಿತ್ತು.
ಹೇಸರಗತ್ತೆಗೆ ಏನು ದಕ್ಕಿತೋ, ದಾಖಲೆಯಿಲ್ಲ.

ಈ ಮೂಲೆಗೆ ಬನ್ನಿ, ನೆರಳಿದೆ.
ನಾನೂರು ವರ್ಷದ ಹಿಂದೆ ಊರಿನ ತಲೆ ಕಡಿಯುವವನು
ಕಾಸಿನಗಲದ ಚೀಟಿ ಮಾರುತ್ತಿದ್ದನಂತೆ, ಯಾರಿಗೂ ತಿಳಿಯದ ಗೀಚು.
ನುಂಗಿದವನಿಗೆ ಕತ್ತಿ ತಾಗದು, ಗುಂಡು ಹೊಗದು.
ಯುದ್ಧಕ್ಕೆ ಹೊರಟ ಹುಡುಗರು ಸಾಲುಗಟ್ಟಿ
ಹೊಟ್ಟೆಗೆ ಹಾಕಿಕೊಂಡರು.
ಚೀಟಿ ಫಲಿಸಲಿಲ್ಲವೆಂದು ದೂರಲು
ಒಬ್ಬನೂ ವಾಪಸು ಬರಲಿಲ್ಲ.
ನಗಬಹುದು. ಇಲ್ಲಿ ಎಲ್ಲರೂ ನಗುತ್ತಾರೆ.

ಮುಂದೆ ಬೆಂಕಿ, ಊರಿಗೆ ಊರೇ ಬೂದಿ.
ಇಟಲಿಯ ಮೇಸ್ತ್ರಿಗಳು ಬಂದು ಕೆನೆಬಣ್ಣದಲ್ಲಿ ಮತ್ತೆ ಕಟ್ಟಿದರು.
ಕತೀಡ್ರಲಿನ ಆರ್ಗನ್ನಿಗೆ ಹದಿನೆಂಟು ಸಾವಿರದಷ್ಟು ಕೊಳವೆ;
ಮಟಮಟ ಮಧ್ಯಾಹ್ನ ಅದು ಉಸಿರು ಬಿಟ್ಟರೆ
ಕೂತ ಬೆಂಚಿನ ಮರ ತೊಡೆಯ ಜತೆ ಮಾತಾಡುತ್ತದೆ.
ನಿಮಗೆ ಹೊತ್ತಿಲ್ಲ. ಇರಲಿ.

ಇದು ಪುರಭವನದ ಗೋಡೆ. ಗೆರೆಗಳು ನೆರೆಯವು.
ಎಲ್ಲಕ್ಕಿಂತ ಮೇಲಿನದು ಸಾವಿರದ ಐನೂರ ಒಂದು.
ಅದರ ಕೆಳಗಿನದು ಎರಡು ಸಾವಿರದ ಹದಿಮೂರು:
ನನ್ನದು.

ಕೊಡೆ ಮಡಚಿ ಇಷ್ಟೇ ಹೇಳುತ್ತೇನೆ.
ನರಕದ ಓಣಿ ಅಂತಲೇ ಹೆಸರಿರುವ ನಮ್ಮ ಓಣಿಯಲ್ಲಿ
ಫ್ರಿಜ್ಜು ಹಸುವಿನಂತೆ ತೇಲಿ ಬಾಗಿಲಿಗೆ ಹಾಯ್ದದ್ದು ಹೇಳುವುದಿಲ್ಲ.
ಕಾಲೇಜಿನ ಹುಡುಗರು ಬಕೆಟ್ ಹಿಡಿದು ಬಂದದ್ದು,
ಹೆಸರೂ ಹೇಳದೆ ವಾರವಿಡೀ ಕೆಸರು ಹೊತ್ತದ್ದು,
ಒಣಗಲು ಹಗ್ಗಕ್ಕೆ ಸಿಕ್ಕಿಸಿದ ಅಜ್ಜಿಯ ಮದುವೆ ಫೋಟೊದಲ್ಲಿ
ಅಜ್ಜ ಮಾತ್ರ ಕರಗಿಹೋಗಿದ್ದು,
ಒಂಟಿಯಾಗಿಯೂ ಆಕೆ ನಗುತ್ತಲೇ ಇದ್ದದ್ದು.

ಕೊನೆಗೆ ಈ ತುದಿ. ಮೂರು ನೀರು ಸೇರುವ ಮೂಗು.
ಇಲ್ಟ್ಸ್ ಕಪ್ಪು, ಜೌಗುಕಾಡಿನ ಮಗಳು. ಇನ್ ಹಸಿರು.
ಡ್ಯಾನ್ಯೂಬ್ ನೀಲಿಯೆಂದು ಪೋಸ್ಟ್‌ಕಾರ್ಡಿನಲ್ಲಿದೆ.
ಹಳದಿ ಟೊಪ್ಪಿಯ ಹುಡುಗನೊಬ್ಬ ಕೇಳಿದ:
“ಇದರಲ್ಲಿ ದೊಡ್ಡದು ಯಾವುದು?”
ವರ್ಷದ ಲೆಕ್ಕ ಹಾಕಿದರೆ ಇನ್ ತರುವ ನೀರೇ ಹೆಚ್ಚು ಮರಿ,
ಮುಂದಕ್ಕೆ ಹೆಸರು ಮಾತ್ರ ಇನ್ನೊಬ್ಬರದು.
ನನ್ನ ತವರಿನ ಹೆಸರು ಇವನಿಗೇಕೆ?

ಹಡಗು ಕೂಗಿತು. ಹೋಗಿಬನ್ನಿ. ವಿಯೆನ್ನಾ ಚೆನ್ನಾಗಿದೆ.

ನಾಲ್ಕನೆಯ ನದಿಯೊಂದಿದೆ, ನಕಾಶೆಯಲ್ಲಿಲ್ಲ,
ಗುಪ್ತಗಾಮಿನಿ, ನೆಲಮಾಳಿಗೆಗಳೊಳಗೆ.
ಸುಣ್ಣ ಹೊಡೆಸಿದೆ ಮೂರು ಸಲ;
ಗೋಡೆ ಮತ್ತೆ ಮತ್ತೆ ಉಪ್ಪು ಉಗುಳುತ್ತದೆ,
ಬೆಳ್ಳಗೆ, ಬೂಷ್ಟಿನ ಹೂವಿನ ಹಾಗೆ, ನನ್ನ ಎದೆಮಟ್ಟಕ್ಕೆ.
“ಗುಡ್ಡದ ಮೇಲೆ ಮನೆ ಮಾಡಬಾರದೇ?” ಎಂದ ವಿಮೆಯವನು
ಫೈಲಿನಿಂದ ತಲೆಯೆತ್ತದೆ.
ಬೆರಳಲ್ಲಿ ಒರೆಸಿ ನಾಲಗೆಗೆ ಇಟ್ಟುಕೊಂಡೆ.
ಕಹಿ. ಅಡುಗೆಗೆ ಆಗದು.
ಆದರೂ ಉಪ್ಪೇ.