ದಿಗುಲು

ಶಿಡ್ಲಘಟ್ಟದಲ್ಲಿ ಬಸ್ಸಿಳಿದು ವಾಸನೆ ಹಿಡಿದು ನಡೆದರೆ ಸಾಕು,
ವಿಳಾಸ ಬೇಡ.
ಕುದಿವ ನೀರಲ್ಲಿ ಗೂಡು, ಆವಿಯ ಹಿಂದೆ ಹೆಂಗಸರು.
ನನ್ನ ಚೀಲದಲ್ಲಿ ಪ್ರಶ್ನಾವಳಿ, ನಲವತ್ತು ಪ್ರತಿ:
ಅನುವಾದಿಸಿ, ಮತ್ತೆ ಹಿಂದಕ್ಕೆ ಅನುವಾದಿಸಿ,
ಮೂವರು ತಜ್ಞರು ಸಹಿ ಹಾಕಿದ ಕನ್ನಡ.

‘ಕಳೆದ ಎರಡು ವಾರಗಳಲ್ಲಿ ತಮಗೆ
ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯೇ?’
ಗಂಗುಲಮ್ಮ ನೀರಿಂದ ಬೆರಳು ತೆಗೆಯದೆ ನಕ್ಕಳು:
‘ಆಸ್ತಿ ಇದ್ರಲ್ವಾ ತಾಯಿ, ಕಡಿಮೆ ಆಗೋಕೆ!’
ಇಡೀ ಶೆಡ್ಡು ನಕ್ಕಿತು. ನಾನೂ.
ನಿದ್ದೆ? ಐದಕ್ಕೆ ಒಲೆ ಹಚ್ಚಬೇಕಲ್ಲಮ್ಮ.
ಹಸಿವು? ಈ ವಾಸನೆ ಮೂಗಲ್ಲಿ ಕೂತ ಮೇಲೆ ಎಂಥ ಹಸಿವು.
ಬದುಕಿ ಫಲವಿಲ್ಲ ಅನ್ನಿಸುತ್ತದೆಯೇ?
ಬಿಡ್ತು ಅನ್ನಮ್ಮ.
ಸೊನ್ನೆ ಬರೆದೆ, ಸೊನ್ನೆ, ಸೊನ್ನೆ,
ತಟ್ಟೆಯಲ್ಲಿ ಸುರಿದ ಗೂಡಿನ ಹಾಗೆ.

ಚೀಲ ಹೆಗಲಿಗೇರಿಸಿದ ಮೇಲೆ,
ನನ್ನನ್ನಲ್ಲ, ಎಳೆಯನ್ನು ನೋಡುತ್ತ ಅಂದಳು:
‘ಸಾಯಂತ್ರಮೈತೇ ಏಮೋ ದಿಗುಲುಗಾ ಉಂಟುಂದಮ್ಮಾ.’

ದಿಗಿಲು? ಯಾರ ಭಯ? ಗಂಡ ಹೊಡೀತಾನಾ?
ಪಕ್ಕದ ಬೇಸಿನ್ನಿನ ಮುನೀರಾಬಿ ತಲೆಯಾಡಿಸಿದಳು,
ಒದ್ದೆ ಅಂಗೈ ಎದೆಗಿಟ್ಟು:
‘ಭಯ ಅಲ್ಲ ಮೇಡಂ. ದಿಗುಲು.
ಯಾರೂ ಬರಲ್ಲ, ಏನೂ ಆಗಲ್ಲ, ಆದ್ರೂ.’

ತಿಪಟೂರಿನವಳು ನಾನು. ನನ್ನ ದಿಗಿಲಿನಲ್ಲಿ
ಕತ್ತಲಿರುತ್ತದೆ, ಹಾವಿರುತ್ತದೆ, ನಡುರಾತ್ರಿಯ ಫೋನಿರುತ್ತದೆ.
ನಡುವೆ ಎಲ್ಲೋ ಅಕ್ಷರವೊಂದು ಕೊಂಬು ಕಳಚಿಟ್ಟು
ಗುಡಿಸು ತೊಟ್ಟುಕೊಂಡಿದೆ, ಅಷ್ಟೆ.
ಅಷ್ಟರಲ್ಲೇ ದುಃಖ ಹೋಗಿ ಹೆದರಿಕೆ.

ಹಾಸ್ಟೆಲ್ಲಿನಲ್ಲಿ ಸುಗುಣ ಅಂತಿದ್ದಳು, ಬಾಗೇಪಲ್ಲಿಯವಳು.
ದಿಗುಲಾಗ್ತಿದೆ ಕಣೇ, ಅಂದಿದ್ದಳು ಒಂದು ಸಂಜೆ.
ಲೈಟು ಹಾಕ್ಕೊಂಡೇ ಮಲಗು, ನಂಗೇನೂ ತೊಂದರೆಯಿಲ್ಲ,
ಎಂದು ಉದಾರವಾಗಿ ಗೋಡೆಗೆ ತಿರುಗಿ ಮಲಗಿದ್ದೆ.
ರಾತ್ರಿಯಿಡೀ ಟ್ಯೂಬ್‌ಲೈಟ್ ಗುಯ್‌ಗುಡುತ್ತಿತ್ತು.
ಎರಡನೇ ಸೆಮಿಸ್ಟರಿಗೆ ಅವಳು ಬರಲಿಲ್ಲ.
ನಾನು ಖಿನ್ನತೆಯ ಪೇಪರಿನಲ್ಲಿ ಮೊದಲ ರ‍್ಯಾಂಕು.

ಗೈಡ್ ಕೇಳುತ್ತಾರೆ: ಇದನ್ನು ಯಾವುದಕ್ಕೆ ಸೇರಿಸುತ್ತೀ,
ಆತಂಕಕ್ಕೋ, ಖಿನ್ನತೆಗೋ?
ಎರಡು ಚೌಕ, ನಡುವೆ ಕೂದಲೆಳೆಯ ಗೆರೆ.
ಆ ಗೆರೆಯ ಮೇಲೆ ಪೆನ್ನು ಹಿಡಿದು ಒಂದು ವಾರ ಕೂತಿದ್ದೇನೆ.

ನಲವತ್ತರಲ್ಲಿ ಮೂವತ್ತೇಳು ಹಾಳೆ ಆರೋಗ್ಯವಾಗಿವೆ.
ಗಂಗುಲಮ್ಮನದರ ಅಂಚಿನಲ್ಲಿ ಆ ಮೂರಕ್ಷರ
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ.
ಸ್ಕ್ಯಾನ್ ಮಾಡಿದರೆ ಮೂಡುತ್ತಿಲ್ಲ.