ಗೌರವಕ್ಕೆ ಬಹುವಚನ

ರಾತ್ರಿ ಹನ್ನೊಂದು ಇಪ್ಪತ್ತು. ಒಂಬತ್ತನೇ ಪುಟದಲ್ಲಿ
ಕುಕ್ಕರ್ ಜಾಹೀರಾತಿನ ಬಲಕ್ಕೆ
ಇನ್ನೂ ಏಳು ಸಾಲಿನ ಜಾಗವಿದೆ.
ಅಷ್ಟರಲ್ಲಿ ಏಜೆನ್ಸಿಯ ಸುದ್ದಿ ಬಂತು:
ದೂರದ ಯುದ್ಧವೊಂದರಲ್ಲಿ ಪರದೇಶದ ಸೈನಿಕರು ಮೂವರು
ತಾವೇ ಬಂದೂಕು ಹಿಡಿಸಿದವನ ಗುಂಡಿಗೆ.
ಬೆಳಗಿನ ಚಹಾದ ಹೊತ್ತು.

ಇಂಗ್ಲಿಷಿನವರು ಇಂಥದ್ದಕ್ಕೊಂದು ಹೆಸರಿಟ್ಟಿದ್ದಾರೆ,
ನೀಲಿಯ ಮೇಲೆ ಹಸಿರು.
ನಕ್ಷೆಯಲ್ಲಿ ತಮ್ಮವರಿಗೊಂದು ಬಣ್ಣ, ಜೊತೆಗಿರುವವರಿಗೊಂದು.
ಕನ್ನಡಕ್ಕೆ ಹಾಗೇ ಇಳಿಸಿದರೆ
ಚಿಕ್ಕಪೇಟೆಯ ಅಂಗಡಿಯ ಮಾತಾಗುತ್ತದೆ:
ನೀಲಿ ಒಡಲು, ಹಸಿರು ಅಂಚು.

ಶೀರ್ಷಿಕೆ ಬೇಕು.
‘ಉಂಡ ಮನೆಗೆ ಎರಡು ಬಗೆದ’ ಉದ್ದವಾಯಿತು.
‘ಬೆನ್ನಿಗೆ ಚೂರಿ’ ಅಳತೆಗೆ ಸರಿಯಾಗಿ ಕೂರುತ್ತದೆ,
ಆದರೆ ಗುಂಡು ಬಿದ್ದದ್ದು ಎದೆಗೆ. ಚೂರಿಯೂ ಇರಲಿಲ್ಲ.
ಪುಟ ಕಟ್ಟುವ ಮುನಿನಂಜಪ್ಪ ಗಡಿಯಾರ ನೋಡಿದ:
‘ಎದೆಯೋ ಬೆನ್ನೋ, ಹತ್ತು ನಿಮಿಷದಲ್ಲಿ ಕೊಡಿ ಮೇಡಂ.’

ಕ್ರಿಯಾಪದಕ್ಕೆ ಬಂದಾಗ ಕೈ ನಿಂತಿತು.
ಮೂವರು ಹತರಾದರು. ಸರಿ.
ಹೊಡೆದವನೂ ಅಲ್ಲೇ ಬಿದ್ದಿದ್ದಾನೆ, ಅವನಿಗೆ?
ನಮ್ಮ ಮೇಜಿನ ಮೇಲೆ ಸಾವಿಗೆ ದರ್ಜೆಗಳಿವೆ.
ಮಂತ್ರಿಗಳು ನಿಧನರಾಗುತ್ತಾರೆ, ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ,
ನಮ್ಮ ಗಡಿಯ ಹುಡುಗ ಹುತಾತ್ಮನಾಗುತ್ತಾನೆ,
ಸಿಲ್ಕ್ ಬೋರ್ಡಿನಲ್ಲಿ ಬೈಕಿನವನು ಮೃತಪಡುತ್ತಾನೆ,
ಮ್ಯಾನ್‌ಹೋಲಿಗೆ ಇಳಿದವರಿಗೆ ಬರೀ ಉಸಿರುಗಟ್ಟುತ್ತದೆ.
ವೈರಿಯನ್ನು ಹೊಡೆದುರುಳಿಸಲಾಗುತ್ತದೆ,
ಯಾರು ಎಂದು ಆ ವಾಕ್ಯವನ್ನು ಕೇಳುವ ಹಾಗಿಲ್ಲ.
ಇವನು ವೈರಿಯೂ ಅಲ್ಲ. ನಿನ್ನೆಯವರೆಗೆ ಮಿತ್ರಪಡೆ,
ಚಹಾ ಲೋಟ ಕೈಗೆ ಬರುವವರೆಗೂ ಮಿತ್ರಪಡೆ.

‘ಸತ್ತ’ ಎಂದು ಒತ್ತಿದೆ. ‘ಸತ್ತರು’ ಮಾಡಿದೆ. ಅಳಿಸಿದೆ.
‘ದಾಳಿಕೋರನೂ ಹತನಾಗಿದ್ದಾನೆ.’
ಅಷ್ಟರಲ್ಲಿ ಜಾಹೀರಾತು ವಿಭಾಗದಿಂದ ಫೋನು,
ಕುಕ್ಕರು ಎರಡು ಸಾಲು ಉಬ್ಬಿದೆಯಂತೆ.
ಕೊನೆಯಿಂದ ಕತ್ತರಿಸಿದೆ: ಅವನು ಹೋದ,
ಅವನ ಜೊತೆ, ಸತ್ತ ಮೂವರಲ್ಲೊಬ್ಬರ
ಒಂಬತ್ತು ದಿನದ ಮಗಳೂ ಹೋದಳು.

ಒಂದೂ ಮುಕ್ಕಾಲು. ಕ್ವೀನ್ಸ್ ರಸ್ತೆಯ ಗೇಟಿನಲ್ಲಿ ಕ್ಯಾಬಿಗೆ ಕಾದಿದ್ದೆ.
ಸೆಕ್ಯುರಿಟಿ ಚೌರಪ್ಪನವರು ಮೊದಲ ಪ್ರತಿಯನ್ನು
ಒಂಬತ್ತನೇ ಪುಟಕ್ಕೆ ಮಡಚಿ ಹಿಡಿದಿದ್ದರು.
ಹಲಸೂರು ಕೆರೆಯ ಪಕ್ಕ ಇಪ್ಪತ್ತೆರಡು ವರ್ಷ ಸ್ಯಾಪರು,
ಹವಾಲ್ದಾರರಾಗಿ ಇಳಿದವರು.
‘ಒಂದ್ಸಲ ಹೊರದೇಶದ ಹುಡುಗರು ಬಂದಿದ್ರು ಮೇಡಂ, ಹನ್ನೊಂದು ಜನ.
ನೆಲದಲ್ಲಿ ಹೂತಿಟ್ಟಿದ್ದನ್ನ ತೆಗೆಯೋದು ಕಲಿಸ್ತಿದ್ದೆ.
ಅದ್ರಲ್ಲೊಬ್ಬ, ತಲೆ ಮೇಲೆ ರೆಕ್ಕೆ ತಿರುಗಿದ್ರೆ ನಿದ್ದೆ ಬರಲ್ಲ ಅಂತ
ಫ್ಯಾನ್ ಬಿಟ್ಟು ವರಾಂಡದಲ್ಲಿ ಮಲಗೋನು.
ಕೈ ನಡುಗ್ತಿತ್ತು. ಹಿಂದೆ ಕೂತು
ಅವನ ಕೈ ಮೇಲೆ ಕೈ ಇಟ್ಟು ಕಲಿಸಿದೆ,
ಮಕ್ಕಳಿಗೆ ಅಕ್ಷರ ತಿದ್ದಿಸ್ತೀವಲ್ಲ, ಹಂಗೆ.’

ಒಣಗದ ಶಾಯಿಯ ಮೇಲೆ ಬೆರಳು ಹುಡುಕಿತು.
‘ಹೊಡೆದೋನ ಹೆಸರು ಹಾಕಿಲ್ವಾ?’
ಜಾಗ ಇರಲಿಲ್ಲ ಅಂದೆ.
ಏಜೆನ್ಸಿಯೇ ಕೊಟ್ಟಿರಲಿಲ್ಲ, ಅದನ್ನು ಹೇಳಲಿಲ್ಲ.
‘ಹೋದ್ನಾ ಅವನೂ?’
ನಾನು ಬರೆದ ಏಕವಚನವಲ್ಲ ಅದು.
ಮಗನನ್ನು, ದೇವರನ್ನು ಕೂಗುವಾಗಿನದು.

ಹೂಂ ಅಂದೆ.

ಕ್ಯಾಬು ಕಂಟೋನ್ಮೆಂಟ್ ಸ್ಟೇಷನ್ ದಾಟುವಾಗ ಮುನಿನಂಜಪ್ಪನ ಕರೆ:
‘ತಿದ್ದುಪಡಿ ಬಂದಿದೆ ಮೇಡಂ, ಮೂವರಲ್ಲ, ನಾಲ್ವರು.’
ಅವನನ್ನೂ ಸೇರಿಸಿ ಎಣಿಸಿದ್ದೋ,
ಆಸ್ಪತ್ರೆಯಲ್ಲಿ ಇನ್ನೊಬ್ಬರು ತೀರಿಕೊಂಡಿದ್ದೋ?
‘ಅದೇನೂ ಹೇಳಿಲ್ಲ. ಸಿಟಿ ಎಡಿಷನ್‌ಗೆ ಬದಲಾಯಿಸ್ಲಾ?’
ಸಾಲು ಹೆಚ್ಚಾಗುತ್ತಾ ಅಂದೆ.
‘ಇಲ್ಲ ಮೇಡಂ. ಮೂವರು, ನಾಲ್ವರು,
ಎರಡಕ್ಕೂ ಮೂರೇ ಅಕ್ಷರ.’